ಹಳೆ ಕಾರಿನೊಳಗೆ ಮಳೆನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕಡೆ ಹಳೆ ಕಾರು ಇಟ್ಟುಕೊಂಡವರಿಗೆ ಜೂನ್ ಬಂತೆಂದರೆ ಒಂದು ಚಿಂತೆ ಜಾಸ್ತಿ. ಬೆಳಿಗ್ಗೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮ್ಯಾಟ್ ಎತ್ತಿದರೆ ಅಡಿಯಲ್ಲಿ ನೀರು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು. ಕಾರಿನಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ಮಳೆ ಅದನ್ನು ಹುಡುಕಿಕೊಂಡು ಬರುತ್ತದೆ.

ನಮ್ಮ ಮನೆಯ ಕಾರಿಗೆ ಈಗ 17 ವರ್ಷ. ಅದರ ಸೋರಿಕೆ ಎಲ್ಲಿಂದ ಎಂದು ಗೊತ್ತಾಗಲು ನನಗೆ ಎರಡು ಮಳೆಗಾಲ ಬೇಕಾಯಿತು. ಆಮೇಲೆ ನೆಂಟರ ಕಾರು, ನೆರೆಮನೆಯವರ ಕಾರು ಎಂದು ಹಲವನ್ನು ಬಿಚ್ಚಿ ನೋಡಿದ್ದೇನೆ. ಅವರೆಲ್ಲ ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ನೀರು ನಿಂತ ಜಾಗದ ಮೇಲೆಯೇ ತೂತು ಇರುತ್ತದೆ, ಅಲ್ವಾ?

ಹೆಚ್ಚಿನ ಸಲ ಇರುವುದಿಲ್ಲ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಂಚು ಒಡೆದದ್ದು ಮೇಲೆ ಎಲ್ಲೋ. ನೀರು ಪಕ್ಕಾಸು ಹಿಡಿದು ಇಳಿದು ಬಂದು, ತೊಟ್ಟಿಕ್ಕುವುದು ಚಾವಡಿಯ ಇನ್ನೊಂದು ಮೂಲೆಯಲ್ಲಿ. ಪಾತ್ರೆ ಇಟ್ಟ ಜಾಗದ ನೇರ ಮೇಲಿನ ಹಂಚು ಬದಲಿಸಿದರೆ ಸೋರುವುದು ನಿಲ್ಲುವುದಿಲ್ಲ.

ಕಾರಿನಲ್ಲೂ ಹಾಗೆಯೇ. ನೀರು ತಗಡಿನ ಮಡಿಕೆಯಲ್ಲಿ ಹರಿಯುತ್ತದೆ, ವೈರಿನ ಕಟ್ಟು ಹಿಡಿದು ಇಳಿಯುತ್ತದೆ, ಕಾರ್ಪೆಟ್ ಅಡಿಯ ಫೆಲ್ಟ್ ಎಂಬ ದಪ್ಪ ಹಾಸಿನ ಒಳಗೆ ಹಬ್ಬುತ್ತದೆ. ಕಾರು ನಿಲ್ಲಿಸುವ ಜಾಗದ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ. ಗುಡ್ಡೆ ಬದಿಯ ಮನೆಗಳಲ್ಲಿ ಸಮತಟ್ಟು ಅಂಗಳ ಸಿಗುವುದೇ ಕಡಿಮೆ. ಮೂತಿ ಮೇಲೆ ಮಾಡಿ ನಿಲ್ಲಿಸಿದರೆ, ಮುಂದೆ ಒಳಬಂದ ನೀರು ಹಿಂದಿನ ಸೀಟಿನ ಕಾಲಡಿಯಲ್ಲಿ ನಿಂತಿರುತ್ತದೆ. ನೀವು ಹಿಂದಿನ ಬಾಗಿಲನ್ನು ಸಂಶಯಪಡುತ್ತೀರಿ.

ಅದು ಮಳೆನೀರೇ ಎಂದು ಹೇಗೆ ಹೇಳುವುದು?

ಮೊದಲು ಬೆರಳು ಅದ್ದಿ ನೋಡಿ, ಮೂಸಿ ನೋಡಿ. ನಾಲಿಗೆಗೆ ಮಾತ್ರ ತಾಗಿಸಬೇಡಿ.

ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಎಡಬದಿಯ ಮುಂದಿನ ಕಾಲಡಿಯಲ್ಲಿದ್ದು, ಬಿಸಿಲಿನ ದಿನವೂ ಎಸಿ ಹಾಕಿದಾಗ ಬರುತ್ತದೆ ಎಂದಾದರೆ ಅದು ಮಳೆಯದ್ದಲ್ಲ. ಎಸಿಯ ನೀರು ಹೊರಗೆ ಹೋಗುವ ಸಣ್ಣ ಪೈಪ್ ಕಟ್ಟಿದೆ. ಎಸಿ ಹಾಕಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಇದೇ ಕಾರಣ ಎನ್ನಬಹುದು.

ಅಂಟಂಟಾಗಿ, ಸಿಹಿ ವಾಸನೆಯಿದ್ದು, ಹಸಿರೋ ಕೆಂಪೋ ಬಣ್ಣವಿದ್ದರೆ ಅದು ಕೂಲೆಂಟ್, ಎಂದರೆ ಎಂಜಿನ್ ತಂಪು ಮಾಡುವ ದ್ರವ. ಮುಂದಿನ ಗ್ಲಾಸಿನ ಒಳಬದಿಯಲ್ಲಿ ಜಿಡ್ಡಿನ ಪೊರೆಯೂ ಕಟ್ಟುತ್ತದೆ. ಇದು ವಿಷ. ಮಕ್ಕಳು, ನಾಯಿ ಬೆಕ್ಕು ಹತ್ತಿರ ಬಾರದಂತೆ ನೋಡಿ, ಕೂಡಲೇ ವರ್ಕ್‌ಶಾಪಿಗೆ ಹೋಗಿ. ಡ್ರೈವರ್ ಕಾಲಡಿಯಲ್ಲಿ ಪೆಡಲ್ ಹತ್ತಿರ ಎಣ್ಣೆಯಂತೆ ಜಾರುವ ದ್ರವ ಕಂಡರೆ ಬ್ರೇಕ್ ಅಥವಾ ಕ್ಲಚ್ ಆಯಿಲ್ ಇರಬಹುದು. ಆ ಕಾರನ್ನು ಓಡಿಸಲೇಬೇಡಿ.

ನೀರಿನಲ್ಲಿ ಕೆಂಪು ಮಣ್ಣು ಇದೆಯೇ? ಹಾಗಾದರೆ ಅದು ರಸ್ತೆಯಿಂದ ಚಿಮ್ಮಿ ಕೆಳಗಿನಿಂದ ಬಂದದ್ದು. ನಮ್ಮ ಮುರಕಲ್ಲಿನ ಮಣ್ಣು ಇಲ್ಲಿ ದೊಡ್ಡ ಸಹಾಯ ಮಾಡುತ್ತದೆ, ಅದರ ಗುರುತು ತಪ್ಪುವುದಿಲ್ಲ. ಎಲೆಯ ಚೂರು, ಕಪ್ಪು ಗೊಬ್ಬರದಂಥ ಹುಡಿ ಇದ್ದರೆ ವೈಪರ್ ಕೆಳಗಿನ ಜಾಗ ನೋಡಬೇಕು.

ಇನ್ನು ಒದ್ದೆ ಕೊಡೆ. ಎರಡು ಕೊಡೆ, ನಾಲ್ಕು ಜನರ ಒದ್ದೆ ಕಾಲು ದಿನಾ ಒಳಗೆ ಬಂದರೆ ಕಾರ್ಪೆಟ್ ಒದ್ದೆಯಾಗಲು ತೂತೇ ಬೇಡ. ಒಂದು ವಾರ ಕೊಡೆಗೆ ಬಕೆಟ್ ಇಟ್ಟು ನೋಡಿ.

ಎಲ್ಲಿಂದ ಹುಡುಕಲು ಶುರು ಮಾಡಲಿ?

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ನಾಲ್ಕೈದು ದಿನ ಸುಮ್ನೆ ಗಮನಿಸಿ. ನಿಲ್ಲಿಸಿದ ಕಾರಿಗೆ ನೀರು ಬರುತ್ತದೋ, ಓಡಿಸುವಾಗ ಮಾತ್ರವೋ? ಮೂತಿ ಯಾವ ಕಡೆಗಿತ್ತು? ಫ್ಯಾನ್ ಹಾಕಿದ್ದಿರೋ? ಗಾಳಿಮಳೆಯೋ, ನೇರ ಸುರಿದ ಮಳೆಯೋ? ಒಂದು ಚೀಟಿಯಲ್ಲಿ ಬರೆದಿಡಿ. ನೆನಪನ್ನು ನಂಬಬೇಡಿ.

ನಮ್ಮ ಊರಿನಲ್ಲಿ ಒಂದು ಅನುಕೂಲ ಉಂಟು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಸರಗೋಡಿನಿಂದ ಕುಂಬಳೆ, ಮಂಜೇಶ್ವರ ದಾಟಿ ಮಂಗಳೂರಿಗೆ ಹೋಗುವಾಗ ಕಾರಿನ ಎಡಬದಿ ಕಡಲಿನ ಕಡೆಗಿರುತ್ತದೆ. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ. ಹಾಗಾಗಿ ಹೋಗುವಾಗ ಎಡಬದಿಗೆ ಮಳೆ ಹೊಡೆಯುತ್ತದೆ, ಬರುವಾಗ ಬಲಬದಿಗೆ. ಹೋಗುವಾಗ ಮಾತ್ರ ಒದ್ದೆಯಾಯಿತು ಎಂದರೆ ಎಡಬದಿಯ ಬಾಗಿಲು, ಗ್ಲಾಸು, ಬೀಡಿಂಗ್ (ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ) ಇವಿಷ್ಟೇ ನೋಡಿದರೆ ಸಾಕು. ಅರ್ಧ ಕೆಲಸ ಉಳಿಯಿತು.

ನಿಲ್ಲಿಸಿದಾಗಲೂ ಬರುತ್ತದೆ, ಓಡಿಸಿದಾಗಲೂ ಬರುತ್ತದೆ ಎಂದಾದರೆ ನೀರು ಬರುವುದು ಮೇಲಿನಿಂದ. ಮಳೆ ನಿಂತ ಮೇಲೂ ನೀರು ನಿಂತ ರಸ್ತೆಯಲ್ಲಿ ಓಡಿಸಿದರೆ ಮಾತ್ರ ಬರುತ್ತದೆ ಎಂದಾದರೆ ಕೆಳಗಿನಿಂದ.

ಕಾರ್ಪೆಟ್ ತೆಗೆಯಲೇಬೇಕಾ?

ತೆಗೆಯಬೇಕು. ಈ ಒಂದು ಕೆಲಸವನ್ನು ತಪ್ಪಿಸಿಕೊಂಡು ಸೋರಿಕೆ ಹುಡುಕಿದವರನ್ನು ನಾನು ನೋಡಿಲ್ಲ. ಮೇಲೆ ಕೈಯಿಟ್ಟರೆ ಒಣಗಿದೆ ಅನಿಸುತ್ತದೆ. ಅಡಿಯ ಫೆಲ್ಟ್ ಹಿಂಡಿದರೆ ಬಕೆಟಿಗೆ ನೀರು ಬರುತ್ತದೆ. ನಮ್ಮ ಕಾರಿನಲ್ಲಿ ಎಡಬದಿಯ ಒಂದೇ ತುಂಡನ್ನು ಹಿಂಡಿದಾಗ ಅರ್ಧ ಬಕೆಟ್ ಕಂದು ನೀರು ಇಳಿಯಿತು.

ಬಾಗಿಲಿನ ಬುಡದ ಪ್ಲಾಸ್ಟಿಕ್ ಪಟ್ಟಿ ಮೇಲೆತ್ತಿದರೆ ಕಾರ್ಪೆಟಿನ ಅಂಚು ಬಿಡುತ್ತದೆ. ಸೀಟು ಸಾಮಾನ್ಯವಾಗಿ ನಾಲ್ಕು ಬೋಲ್ಟಿನಲ್ಲಿ ನಿಂತಿರುತ್ತದೆ. ಆದರೆ ಒಂದು ಎಚ್ಚರಿಕೆ: ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನ ವೈರು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಮಾತ್ರ ಮುಟ್ಟಿ. ಧೈರ್ಯ ಸಾಲದಿದ್ದರೆ ಸೀಟು ತೆಗೆಯುವುದನ್ನು ಮೆಕ್ಯಾನಿಕ್‌ಗೆ ಬಿಡಿ.

ತಗಡು ಕಂಡ ಮೇಲೆ ಬಟ್ಟೆಯಿಂದ ಪೂರ್ತಿ ಒರೆಸಿ. ಬರಿ ತಗಡಿನ ಮೇಲೆ ನೀರಿನ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ತುಕ್ಕಿನ ಗೆರೆಗಳನ್ನೂ ನೋಡಿ, ನೀರು ವರ್ಷಗಟ್ಟಲೆ ಹರಿದ ದಾರಿ ಅದು.

ನೀರು ಬಿಟ್ಟು ಪರೀಕ್ಷೆ ಮಾಡುವ ಸರಿಯಾದ ಕ್ರಮ ಯಾವುದು?

ಮಳೆಯಿಲ್ಲದ ಹೊತ್ತು ಬೇಕು, ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ. ಎಲ್ಲ ಬಾಗಿಲು, ಗ್ಲಾಸು ಮುಚ್ಚಿರಬೇಕು.

ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಇದೇ ಮುಖ್ಯ. ಮೇಲಿನಿಂದ ಶುರು ಮಾಡಿದರೆ ನೀರು ಇಳಿಯುತ್ತಾ ಎಲ್ಲ ಜಾಗವನ್ನೂ ಒದ್ದೆ ಮಾಡುತ್ತದೆ. ಒಳಗೆ ಹನಿ ಕಂಡರೂ ಯಾವ ಸಂದಿಯಿಂದ ಬಂತು ಎಂದು ಹೇಳಲಾಗುವುದಿಲ್ಲ. ಮೊದಲು ಬಾಗಿಲಿನ ಕೆಳ ಅಂಚು. ಆಮೇಲೆ ಬಾಗಿಲಿನ ಬದಿ. ಆಮೇಲೆ ಬಾಗಿಲಿನ ಗ್ಲಾಸಿನ ಬುಡ. ಆಮೇಲೆ ವೈಪರ್ ಕೆಳಗಿನ ಜಾಲರಿ, ಮುಂದಿನ ಗ್ಲಾಸಿನ ಕೆಳಗಿನ ಮೂಲೆ, ಬದಿ, ಮೇಲಿನ ಅಂಚು. ಕೊನೆಗೆ ಮೇಲಿನ ತಗಡು. ಒಂದೊಂದು ಜಾಗಕ್ಕೂ ಐದರಿಂದ ಹತ್ತು ನಿಮಿಷ ಕೊಡಿ. ಎರಡು ನಿಮಿಷಕ್ಕೆ ಬೇಸರ ಬಂದು ಮುಂದಕ್ಕೆ ಹೋಗುವವರೇ ಜಾಸ್ತಿ. ನೀರು ಒಳದಾರಿ ಹಿಡಿದು ಬರಲು ಸಮಯ ಬೇಕು.

ನೀರು ಮೆಲ್ಲಗೆ ಹರಿಯಬೇಕು. ಪೈಪಿನ ಬಾಯಿಗೆ ಬೆರಳು ಒತ್ತಿ ಚಿಮ್ಮಿಸಬೇಡಿ. ತೋಟದ ಪಂಪಿನ ಸ್ಪ್ರಿಂಕ್ಲರ್ ಲೈನಿನಿಂದ ನೇರ ನೀರು ಬಿಡಬೇಡಿ. ವಾಟರ್ ಸರ್ವಿಸ್‌ನ ಗನ್ ಅಂತೂ ಬೇಡವೇ ಬೇಡ. ಅಷ್ಟು ಒತ್ತಡಕ್ಕೆ ಒಳ್ಳೆಯ ಬೀಡಿಂಗ್ ಕೂಡ ನೀರು ಬಿಡುತ್ತದೆ, ನೀವು ಇಲ್ಲದ ಸೋರಿಕೆ ಹುಡುಕುತ್ತೀರಿ.

ನಾನೊಬ್ಬನೇ ಇರುವುದು. ಎಂತ ಮಾಡುವುದು?

ಒಣಗಿದ ತಗಡಿನ ಮೇಲೆ ಮುಖಕ್ಕೆ ಹಾಕುವ ಪೌಡರ್ ತೆಳುವಾಗಿ ಉದುರಿಸಿ. ನೀರು ಬಂದ ಕಡೆ ಗೆರೆ ಮೂಡುತ್ತದೆ. ಪೌಡರ್ ನಿಲ್ಲದ ನೇರ ಜಾಗಗಳಿಗೆ ಪೇಪರ್ ತುಂಡು ಟೇಪಿನಲ್ಲಿ ಅಂಟಿಸಿ. ಮೊಬೈಲನ್ನು ಒಳಗೆ ನಿಲ್ಲಿಸಿ ವಿಡಿಯೊ ಹಾಕಿಟ್ಟರೂ ಆಗುತ್ತದೆ.

ಇನ್ನೊಂದು ಉಪಾಯ ಸೋಪಿನ ನೀರು. ಎಲ್ಲ ಗ್ಲಾಸ್ ಮುಚ್ಚಿ, ಹೊರಗಿನ ಗಾಳಿ ಒಳಗೆ ಬರುವಂತೆ ಇಟ್ಟು ಫ್ಯಾನ್ ಪೂರ್ತಿ ಜೋರು ಮಾಡಿ. ಒಳಗೆ ಗಾಳಿಯ ಒತ್ತಡ ಏರುತ್ತದೆ. ಹೊರಗಿನಿಂದ ಗ್ಲಾಸಿನ ಅಂಚು, ಬಾಗಿಲಿನ ಸಂದಿಗೆ ಸೋಪಿನ ನೀರು ಚಿಮುಕಿಸಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸಂದಿ ಇದೆ. ಪಂಚರ್ ಅಂಗಡಿಯವರು ಟ್ಯೂಬ್ ನೋಡಿದ ಹಾಗೆಯೇ. ಚಿಮುಕಿಸಲು ಅಡಿಕೆಗೆ ಮದ್ದು ಬಿಡುವ ಪಂಪ್ ತರಬೇಡಿ. ಎಷ್ಟು ತೊಳೆದರೂ ಅದರಲ್ಲಿ ಮೈಲುತುತ್ತಿನ ಅಂಶ ಉಳಿದಿರುತ್ತದೆ, ಅದು ತಗಡನ್ನು ತಿನ್ನುತ್ತದೆ.

ವೈಪರ್ ಕೆಳಗಿನ ಜಾಲರಿ ಎಂದಿರಿ. ಅಲ್ಲಿ ಏನಿದೆ?

ನನ್ನ ಎರಡು ಮಳೆಗಾಲ ಅಲ್ಲೇ ಹೋಯಿತು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮುಂದಿನ ಗ್ಲಾಸಿನ ಬುಡದಲ್ಲಿ, ಬಾನೆಟಿನ ಹಿಂದೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಗ್ಲಾಸಿನ ಮೇಲೆ ಬಿದ್ದ ಮಳೆಯೆಲ್ಲ ಅದರೊಳಗೆ ಇಳಿಯುತ್ತದೆ. ಅಡಿಯಲ್ಲಿ ತೊಟ್ಟಿಯಂಥ ಜಾಗ, ಅದರ ಎರಡು ಕೊನೆಯಲ್ಲಿ ನೀರು ಹೋಗುವ ತೂತು. ಅದೇ ತೊಟ್ಟಿಯಿಂದಲೇ ಎಸಿ ಬ್ಲೋವರ್ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ನಮ್ಮ ದೇಶದ ಕಾರುಗಳಲ್ಲಿ ಆ ಬಾಯಿ ಸಾಮಾನ್ಯವಾಗಿ ಎಡಬದಿಗೆ. ತೂತು ಕಟ್ಟಿದರೆ ತೊಟ್ಟಿ ತುಂಬುತ್ತದೆ, ನೀರು ಬ್ಲೋವರಿನ ಬಾಯಿಗೆ ಉಕ್ಕಿ ಎಡಬದಿಯ ಕಾಲಡಿಗೆ ಇಳಿಯುತ್ತದೆ.

ಅಪ್ಪ ಕೂರುವುದು ಮುಂದೆ ಎಡಗಡೆ. "ಕಾಲು ಒದ್ದೆಯಾಗುತ್ತದೆ" ಎಂದು ಅವರು ಮೊದಲು ಹೇಳಿದಾಗ ನಾನು ಮುಂದಿನ ಗ್ಲಾಸಿನ ಅಂಚಿಗೆ ಸಿಲಿಕೋನ್ ಹಾಕಿಸಿದೆ. ನಿಲ್ಲಲಿಲ್ಲ. ಮರುವರ್ಷ ಗ್ಲಾಸನ್ನೇ ತೆಗೆಸಿ ಹೊಸದಾಗಿ ಕೂರಿಸಿದೆ. ಆಗಲೂ ನಿಲ್ಲಲಿಲ್ಲ. ಕೊನೆಗೆ ಬದಿಯಡ್ಕ ಕಡೆಯ ಒಬ್ಬ ವಯಸ್ಸಾದ ಟಿಂಕರಿಂಗ್ ಮೇಸ್ತ್ರಿಯ ಹತ್ತಿರ ಹೋದೆ. ಅವರು ಗ್ಲಾಸ್ ಕಡೆ ನೋಡಲೇ ಇಲ್ಲ.

"ಕಾರು ಯಾವ ಮರದ ಅಡಿ ನಿಲ್ಲಿಸುವುದು, ಅಣ್ಣ?" ಎಂದು ಕೇಳಿದರು.

"ಹುಣಸೆ ಮರದ ಅಡಿ."

"ಹಾಗಾದ್ರೆ ಮೊದಲು ಹುಡುಕುವಾ, ಮತ್ತೆ ಮುಚ್ಚುವಾ."

ವೈಪರ್ ತೋಳು ಬಿಚ್ಚಿ ಜಾಲರಿ ಎತ್ತಿದರು. ಎಡ ಮೂಲೆಯಲ್ಲಿ ಹುಣಸೆ ಎಲೆ ಕೊಳೆತು ಕಾಫಿ ಚರಟದಂತೆ ಕಪ್ಪಾಗಿ ತುಂಬಿತ್ತು. ಅದರಲ್ಲಿ ಒಂದು ಸಣ್ಣ ಗಿಡ ಬೇರು ಬಿಟ್ಟು ಎರಡು ಎಲೆ ಬಿಟ್ಟಿತ್ತು. ಅವರು ಕೈಹಾಕಿ ಮೂರು ಹಿಡಿ ತೆಗೆದರು. ಆಮೇಲೆ ಹಿಡಿಸೂಡಿಯ ಕಡ್ಡಿ ಇಳಿಸಿ ತಿರುಗಿಸಿದರು. ಗುಳುಗುಳು ಎಂದು ಶಬ್ದವಾಗಿ, ಮುಂದಿನ ಟಯರಿನ ಹಿಂದೆ ಕಪ್ಪು ನೀರು ಸುರಿಯಿತು. ಆ ಶಬ್ದ ನನಗೆ ಈಗಲೂ ನೆನಪಿದೆ. ಅಲ್ಲಿಂದ ಇಲ್ಲಿಯವರೆಗೆ ಅಪ್ಪನ ಕಾಲಡಿ ಒಣಗಿದೆ.

ಹುಣಸೆಯ ಪುಟ್ಟ ಎಲೆ, ಗಾಳಿಮರದ ಸೂಜಿ, ಮಾವಿನ ಹೂ, ಇವೆಲ್ಲ ಜಾಲರಿಯ ಸಂದಿಯಲ್ಲಿ ಸಲೀಸಾಗಿ ಇಳಿಯುತ್ತವೆ. ಹಲಸಿನ ಎಲೆ ದೊಡ್ಡದು, ಮೇಲೆಯೇ ನಿಲ್ಲುತ್ತದೆ. ನೀವೂ ಇಲ್ಲಿಂದಲೇ ಶುರು ಮಾಡಿ. ಬಾನೆಟ್ ಎತ್ತಿ ಎರಡು ಕೊನೆಗೂ ಒಂದೊಂದು ಚೆಂಬು ನೀರು ಹಾಕಿ. ಹಾಕಿದ ಕೂಡಲೇ ಟಯರಿನ ಹಿಂದೆ ಬಿದ್ದರೆ ಸರಿ ಇದೆ. ನಿಂತು ನಿಂತು ಇಳಿದರೆ ಕಟ್ಟಿದೆ.

ಬಾಗಿಲಿನ ಒಳಗೆ ನೀರಿನ ಶಬ್ದ ಕೇಳುತ್ತದೆ. ಬಾಗಿಲು ಸೋರುತ್ತಿದೆಯಾ?

ಬಾಗಿಲಿನ ಒಳಗೆ ನೀರು ಬರುವುದು ತಪ್ಪಲ್ಲ. ಗ್ಲಾಸ್ ಇಳಿಯುವ ಸಂದಿಯಿಂದ ನೀರು ಇಳಿಯುತ್ತದೆ ಎಂದು ಗೊತ್ತಿದ್ದೇ ಬಾಗಿಲು ಮಾಡಿರುತ್ತಾರೆ. ಅದು ಹೊರಗೆ ಹೋಗಲು ಕೆಳ ಅಂಚಿನಲ್ಲಿ ಎರಡು ಮೂರು ತೂತು ಬಿಟ್ಟಿರುತ್ತಾರೆ. ಮಣ್ಣು ತುಂಬಿ ಅವು ಮುಚ್ಚುತ್ತವೆ. ತುಕ್ಕು ಹಿಡಿಯದಿರಲಿ ಎಂದು ಅಡಿಗೆ ಹೊಡೆಸುವ ಕಪ್ಪು ಕೋಟಿಂಗ್ ಕೂಡ ಅವನ್ನು ಮುಚ್ಚುವುದುಂಟು. ಆಗ ಬಾಗಿಲಿನಲ್ಲಿ ನೀರು ನಿಂತು, ತಿರುವಿನಲ್ಲಿ ಕುಲುಕಿದ ಶಬ್ದ ಕೇಳುತ್ತದೆ. ಹಿಡಿಸೂಡಿಯ ಕಡ್ಡಿಯೇ ಇದಕ್ಕೆ ಒಳ್ಳೆಯದು. ಕಬ್ಬಿಣದ ತಂತಿ ಹಾಕಿದರೆ ಬಣ್ಣ ಕೆರೆದು ಅಲ್ಲೇ ತುಕ್ಕು ಶುರುವಾಗುತ್ತದೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಬಾಗಿಲಿನ ಒಳಬದಿಯ ಪ್ಯಾಡ್ ತೆಗೆದರೆ ಅದರ ಹಿಂದೆ ತಗಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬಾಗಿಲಿನೊಳಗಿನ ನೀರು ಸೀಟಿನ ಕಡೆಗೆ ಬಾರದಂತೆ ತಡೆಯುವುದು ಅದೇ. ಸ್ಪೀಕರ್ ಹಾಕುವಾಗ, ಪವರ್ ವಿಂಡೋ ರಿಪೇರಿ ಮಾಡುವಾಗ ಅದನ್ನು ಹರಿದು ಬಿಸಾಡುತ್ತಾರೆ, ಅಥವಾ ಸರಿಯಾಗಿ ಅಂಟಿಸದೆ ಪ್ಯಾಡ್ ಮುಚ್ಚುತ್ತಾರೆ. ನನ್ನ ಭಾವನ ಕಾರಿನ ತೊಂದರೆ ಇದೇ ಆಗಿತ್ತು. ಸ್ಪೀಕರ್ ಹಾಕಿಸಿದ್ದು ಫೆಬ್ರವರಿಯಲ್ಲಿ, ನೀರು ಕಂಡದ್ದು ಜೂನ್‌ನಲ್ಲಿ. ನಡುವೆ ನಾಲ್ಕು ತಿಂಗಳು ಇದ್ದ ಕಾರಣ ಎರಡಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯಲಿಲ್ಲ.

ಹಾಳೆ ಹೋಗಿದ್ದರೆ ದಪ್ಪ ಪಾಲಿಥೀನ್ ಕತ್ತರಿಸಿ ಹಾಕಬಹುದು. ಅಡಿಕೆ ಒಣಗಿಸುವ ಗೂಡಿಗೆ ತಂದ ಪ್ಲಾಸ್ಟಿಕ್ ಉಳಿದಿದ್ದರೆ ಚೆನ್ನಾಗಿ ಆಗುತ್ತದೆ. ಅಂಟಿಸಲು ಬ್ಯುಟೈಲ್ ಟೇಪ್ (ಗಟ್ಟಿಯಾಗದೆ ಮೆತ್ತಗೇ ಉಳಿಯುವ ರಬ್ಬರಿನಂಥ ಅಂಟುಪಟ್ಟಿ) ತನ್ನಿ. ಹಾಳೆಯ ಕೆಳ ಅಂಚು ತಗಡಿನ ಸಂದಿಯೊಳಗೆ, ಬಾಗಿಲಿನ ಹೊಟ್ಟೆಯ ಕಡೆಗೆ ಇಳಿದಿರಬೇಕು. ಹೊರಗೆ ಇಳಿಬಿಟ್ಟರೆ ಹಾಳೆಯ ಮೇಲೆ ಹರಿದ ನೀರು ನೇರ ಕಾರ್ಪೆಟಿಗೆ ಬರುತ್ತದೆ.

ಬೀಡಿಂಗ್ ಹಾಳಾಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಪೇಪರ್ ತುಂಡೊಂದನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಒಳ್ಳೆಯದು. ಸುಮ್ನೆ ಜಾರಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಬಾಗಿಲಿನ ಸುತ್ತ ಒಂದು ಗೇಣಿಗೆ ಒಂದರಂತೆ ಹೀಗೆ ನೋಡಿ. ಒಂದೇ ಕಡೆ ಸಡಿಲವಿದ್ದರೆ ಬೀಡಿಂಗ್ ಚಪ್ಪಟೆಯಾಗಿದೆ ಅಥವಾ ಸೀಳಿದೆ. ಮೇಲಿನ ಅಂಚು ಪೂರ್ತಿ ಸಡಿಲವಿದ್ದರೆ ಬಾಗಿಲೇ ಇಳಿದಿರಬಹುದು. ಆಗ ಹೊಸ ಬೀಡಿಂಗ್ ಹಾಕಿ ಪ್ರಯೋಜನವಿಲ್ಲ, ಹಿಂಜ್ ಸರಿ ಮಾಡಿಸಬೇಕು.

ಮುಂದಿನ ಗ್ಲಾಸ್?

ಅಂಬಾಸಿಡರ್, ಹಳೆಯ ಜೀಪುಗಳಲ್ಲಿ ಗ್ಲಾಸ್ ರಬ್ಬರ್ ಪಟ್ಟಿಯಲ್ಲಿ ಕೂತಿರುತ್ತದೆ. ರಬ್ಬರ್ ಒಣಗಿ ಬಿರುಕು ಬಿಟ್ಟರೆ ಪಟ್ಟಿ ಬದಲಿಸಬೇಕು. ಆಮೇಲೆ ಬಂದ ಕಾರುಗಳಲ್ಲಿ ಗ್ಲಾಸನ್ನು ಪಾಲಿಯುರೇಥೇನ್ ಅಂಟಿನಿಂದ ತಗಡಿಗೆ ಅಂಟಿಸಿರುತ್ತಾರೆ. ಅಂಥ ಗ್ಲಾಸ್ ಕಾರಿನ ಗಟ್ಟಿತನದ ಒಂದು ಭಾಗ. ಮೇಲಿಂದ ಮೇಲೆ ಏನೋ ಹಚ್ಚುವ ಬದಲು ಗ್ಲಾಸ್ ತೆಗೆದು, ತುಕ್ಕು ಕೆರೆದು, ಪ್ರೈಮರ್ ಹಾಕಿ, ಹೊಸ ಅಂಟಿನಲ್ಲಿ ಕೂರಿಸಬೇಕು. ಅಂಟು ಗಟ್ಟಿಯಾಗಲು ಹೇಳಿದಷ್ಟು ಗಂಟೆ ಕಾರು ಅಲ್ಲೇ ಬಿಡಿ. ಮೊದಲು ಒಮ್ಮೆ ಗ್ಲಾಸ್ ಬದಲಿಸಿದ ಕಾರಾದರೆ ಇಲ್ಲಿ ಸಂಶಯ ಜಾಸ್ತಿ ಇಡಬೇಕು.

ಡಿಕ್ಕಿಯಲ್ಲಿ, ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಲ್ಲುತ್ತದೆ.

ಹಿಂದಿನ ಲೈಟಿನ ಗ್ಯಾಸ್ಕೆಟ್ ಮೊದಲು ನೋಡಿ. ಸ್ಪಂಜಿನಂಥ ಆ ಗ್ಯಾಸ್ಕೆಟ್ ವರ್ಷ ಕಳೆದಂತೆ ಹುಡಿಯಾಗುತ್ತದೆ. ಲೈಟ್ ಬಿಚ್ಚಿ ಬಲ್ಬ್ ಬದಲಿಸಿದವರು ಮತ್ತೆ ಬಿಗಿ ಮಾಡದೆ ಇರುವುದೂ ಉಂಟು. ಆಮೇಲೆ ಡಿಕ್ಕಿಯ ಬೀಡಿಂಗ್, ಮೇಲಿನ ಬ್ರೇಕ್ ಲೈಟ್, ಹಿಂದಿನ ವೈಪರಿನ ಬುಡ, ಸ್ಪಾಯ್ಲರಿನ ಸ್ಕ್ರೂ. ಬಂಪರ್ ಹಿಂದೆ ಗಾಳಿ ಹೊರಹೋಗುವ ರಬ್ಬರ್ ರೆಕ್ಕೆಯ ಜಾಲರಿ ಇರುತ್ತದೆ. ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಆದ ಕಾರಿನಲ್ಲಿ ಅದು ಸರಿಯಾಗಿ ಕೂತಿರುವುದಿಲ್ಲ.

ಇಲ್ಲಿ ಒಂದು ಅನುಕೂಲ: ಡಿಕ್ಕಿಯ ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬಹುದು. ಹಿಂದಿನ ಸೀಟು ಮಡಚಿ, ಅಲ್ಲಿಂದ ಗಾಳಿ ಬರುವಂತೆ ಇಟ್ಟುಕೊಳ್ಳಿ. ಮಕ್ಕಳನ್ನು ಮಾತ್ರ ಒಳಗೆ ಕೂರಿಸಬೇಡಿ.

ಮೇಲಿನ ತಗಡಿನಿಂದಲೂ ಬರುತ್ತದಾ?

ಬರುತ್ತದೆ. ಆಂಟೆನಾದ ಬುಡದ ರಬ್ಬರ್, ಕ್ಯಾರಿಯರ್ ಹಾಕಲು ಕೊರೆದ ತೂತು, ಉದ್ದಕ್ಕೆ ಇರುವ ಕಪ್ಪು ಪಟ್ಟಿಯ ಅಡಿಯಲ್ಲಿ ಬಿರುಕು ಬಿಟ್ಟ ಸೀಲರ್. ಒಳಗಿನ ಮೇಲ್ಬಟ್ಟೆಯಲ್ಲಿ ಚಹಾ ಬಣ್ಣದ ಕಲೆ ಕಂಡರೆ ಇಲ್ಲಿ ನೋಡಿ. ಸನ್‌ರೂಫ್ ಇದ್ದರೆ ಅದರ ಮೂಲೆಗಳ ನೀರಿನ ಪೈಪ್ ಕಟ್ಟಿರಬಹುದು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರವನ್ನು ಮೆಲ್ಲಗೆ ಒಳಗೆ ಇಳಿಸಿ ಬಿಡಿಸಿ. ಕಂಪ್ರೆಸರಿನ ಗಾಳಿ ಹೊಡೆಸಿದರೆ ಒಳಗೆ ಪೈಪೇ ಕಳಚಿಬಿಡಬಹುದು.

ಕೆಂಪು ನೀರು ಬರುತ್ತಿದೆ. ಕೆಳಗೆ ಏನು ನೋಡಬೇಕು?

ನೆಲದ ತಗಡಿನಲ್ಲಿ ದುಂಡು ರಬ್ಬರ್ ಮುಚ್ಚಳಗಳಿರುತ್ತವೆ. ಒಂದು ಬಿದ್ದುಹೋದರೂ ಸಾಕು. ಎಂಜಿನ್ ಕಡೆಯಿಂದ ಒಳಗೆ ವೈರ್, ಕೇಬಲ್ ಬರುವ ಕಡೆ ರಬ್ಬರ್ ಗ್ರಮೆಟ್, ಎಂದರೆ ತೂತಿನ ಅಂಚಿಗೆ ಕೂರಿಸುವ ಬಳೆ ಇರುತ್ತದೆ. ಹಾರ್ನ್, ಫಾಗ್ ಲೈಟ್ ಹಾಕುವಾಗ ಅದನ್ನು ಚುಚ್ಚಿ ವೈರ್ ದಾಟಿಸಿರುತ್ತಾರೆ. ನೀರು ಆ ವೈರ್ ಹಿಡಿದು ಒಳಗೆ ಬರುತ್ತದೆ. ತುಕ್ಕು ಹಿಡಿದ ಜಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದುಹೋದದ್ದು ಮೆತ್ತಗೆ ಕುಸಿಯುತ್ತದೆ. ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ತಗಡು ತೂತಾಗಿದ್ದರೆ ಅಂಟಿನಿಂದ ಮುಚ್ಚಬೇಡಿ, ಪ್ಯಾಚ್ ವೆಲ್ಡಿಂಗ್ ಮಾಡಿಸಿ. ಸೀಟು, ಸೀಟ್‌ಬೆಲ್ಟ್ ಹಿಡಿದು ನಿಲ್ಲಿಸಿರುವುದು ಇದೇ ನೆಲ. ಸ್ವಂತ ಕಾರಿನ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ಕಾರು ತೋರಿಸಿ ನವೀಕರಿಸಬೇಕು. ಆಗಲೂ ನೆಲ ಗಟ್ಟಿ ಇರುವುದು ಒಳ್ಳೆಯದು.

ಎಲ್ಲ ಸಂದಿಗೂ ಸಿಲಿಕೋನ್ ಹಚ್ಚಿಬಿಟ್ಟರೆ ಆಗುವುದಿಲ್ಲವಾ?

ದಯವಿಟ್ಟು ಹಾಗೆ ಮಾಡಬೇಡಿ. ಬಾತ್‌ರೂಮಿಗೆ ಬಳಸುವ, ಹುಳಿ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಅದು ತಗಡಿಗೆ ತುಕ್ಕು ಹಿಡಿಸುತ್ತದೆ. ಒಮ್ಮೆ ಹಚ್ಚಿದ ಜಾಗದಲ್ಲಿ ಆಮೇಲೆ ಬಣ್ಣವೂ ಸರಿಯಾದ ಅಂಟೂ ಹಿಡಿಯುವುದಿಲ್ಲ. ಎಂ-ಸೀಲ್‌ನಂಥ ಪುಟ್ಟಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಾರು ಅಲುಗುವ ವಸ್ತು, ಸಂದಿಯಲ್ಲಿ ಅದು ಬಿರಿಯುತ್ತದೆ. ತಗಡಿನ ಜೋಡಣೆಗೆ ಪಾಲಿಯುರೇಥೇನ್ ಸೀಲರ್, ಲೈಟು ಮತ್ತು ಪ್ಲಾಸ್ಟಿಕ್ ಹಾಳೆಗೆ ಬ್ಯುಟೈಲ್ ಟೇಪ್. ಇವೆರಡು ಇದ್ದರೆ ಹೆಚ್ಚಿನ ಕೆಲಸ ಆಗುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ನೀರು ಹೋಗಲು ಬಿಟ್ಟ ತೂತನ್ನೇ ಮುಚ್ಚಿಬಿಡುವುದು. ತೋಟದ ಕಣಿಗೆ (ನೀರು ಹರಿದುಹೋಗುವ ಕಾಲುವೆಗೆ) ಮಣ್ಣು ತುಂಬಿಸಿದ ಹಾಗೆ ಅದು. ನೀರು ಬುಡದಲ್ಲೇ ನಿಲ್ಲುತ್ತದೆ. ಯಾವ ತೂತು ತಯಾರಿಸಿದವರು ಬಿಟ್ಟದ್ದು, ಯಾವುದು ಹಾಳಾಗಿ ಆದದ್ದು ಎಂದು ತಿಳಿಯದೆ ಟ್ಯೂಬ್ ಹಿಡಿಯಬೇಡಿ.

ಸುರಿಯುವ ಮಳೆಯಲ್ಲಿ ಕಾರ್ಪೆಟ್ ಒಣಗಿಸುವುದು ಹೇಗೆ?

ಕಾರಿನೊಳಗೆ ಇಟ್ಟು ಒಣಗಿಸಲು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಆಗುವುದಿಲ್ಲ. ಹೊರಗೆ ತೆಗೆಯಿರಿ. ಫೆಲ್ಟ್ ಮತ್ತು ಕಾರ್ಪೆಟ್ ಬೇರೆ ಬೇರೆ ಹಿಂಡಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಮಳೆಗಾಲದಲ್ಲಿ ಖಾಲಿ ಇರುತ್ತದೆ, ಅದರಲ್ಲಿ ಹಗ್ಗ ಕಟ್ಟಿ ನೇತುಹಾಕಿ. ನಡುವೆ ಒಂದೆರಡು ಗಂಟೆ ಬಿಸಿಲು ಬಂದರೂ ಒಳಗೆ ಚೆನ್ನಾಗಿ ಬಿಸಿಯಾಗುತ್ತದೆ. ಗೂಡು ಇಲ್ಲದಿದ್ದರೆ ಬಚ್ಚಲ ಒಲೆಯ ಹತ್ತಿರ, ಬೆಂಕಿಯಿಂದ ದೂರ. ರಬ್ಬರ್ ಶೀಟಿನ ಹೊಗೆಗೂಡಿಗೆ ಹಾಕಬೇಡಿ. ಒಣಗುತ್ತದೆ ನಿಜ, ಆ ಹೊಗೆ ವಾಸನೆ ಮತ್ತೆ ಹೋಗುವುದೇ ಇಲ್ಲ.

ಕಾರಿನೊಳಗೆ ಟೇಬಲ್ ಫ್ಯಾನ್ ಇಟ್ಟು ತಗಡು ಒಣಗಿಸಿ. ತುಕ್ಕು ಕೆರೆದು ರೆಡ್ ಆಕ್ಸೈಡ್, ಅದರ ಮೇಲೆ ಬಣ್ಣ ಹಾಕಿ. ಮತ್ತೆ ಕಾರ್ಪೆಟ್ ಹಾಕುವ ಮೊದಲು ಒಂದು ಜೋರು ಮಳೆ ಬರಲಿ. ಬರಿ ತಗಡು ಒಣಗಿಯೇ ಉಳಿದರೆ ಮಾತ್ರ ಹಾಕಿ.

ವಾಸನೆಗೆ ಏನು?

ಸೆಂಟ್ ಬಾಟಲಿ ನೇತುಹಾಕಿದರೆ ಎರಡು ವಾಸನೆ ಸೇರುತ್ತದೆ, ಅಷ್ಟೇ. ಬೂಷ್ಟು ಕಂಡ ಕಡೆ ಮೂಗಿಗೆ ಮಾಸ್ಕ್ ಕಟ್ಟಿ, ವಿನೆಗರಿಗೆ ಅಷ್ಟೇ ನೀರು ಸೇರಿಸಿ ಒರೆಸಿ, ಒಣಗಿಸಿ. ಒಣಗಿದ ಕಾರ್ಪೆಟಿನ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿ. ಉಬ್ಬಸ ಇರುವವರು ಮನೆಯಲ್ಲಿದ್ದರೆ ಬೂಷ್ಟು ಹಿಡಿದ ಫೆಲ್ಟ್ ಉಳಿಸಬೇಡಿ, ಹೊಸದು ಹಾಕಿ.

ನೀರಿನಿಂದ ವೈರಿಂಗ್ ಹಾಳಾಗುತ್ತದಾ?

ಆಗುತ್ತದೆ. ಹಲವು ಕಾರುಗಳಲ್ಲಿ ಫ್ಯೂಸ್ ಬಾಕ್ಸ್, ಕಂಪ್ಯೂಟರ್ ಡ್ಯಾಶ್‌ಬೋರ್ಡ್ ಅಡಿಯಲ್ಲಿರುತ್ತವೆ, ಕನೆಕ್ಟರುಗಳು ಕಾರ್ಪೆಟ್ ಅಡಿಯಲ್ಲಿ. ಮಳೆ ಬಂದ ಮರುದಿನ ವೈಪರ್ ತಾನಾಗಿ ಓಡುವುದು, ಸೆಂಟ್ರಲ್ ಲಾಕ್ ಕೆಲಸ ಮಾಡದಿರುವುದು, ಬ್ಯಾಟರಿ ಇಳಿಯುವುದು ಕಂಡರೆ ಸೋರಿಕೆಯನ್ನೇ ಮೊದಲು ನೋಡಿ. ಹಸಿರು ಬಣ್ಣದ ಹುಡಿ ಹಿಡಿದ ಕನೆಕ್ಟರ್ ಕ್ಲೀನ್ ಮಾಡದೆ ಹೊಸ ಪಾರ್ಟ್ ಹಾಕಿಸಬೇಡಿ.

ವರ್ಕ್‌ಶಾಪಿಗೆ ಕೊಡುವುದಾದರೆ ಏನು ಹೇಳಲಿ?

"ನೀರು ಬರುತ್ತದೆ, ಸರಿ ಮಾಡಿ" ಎಂದರೆ ಸಿಲಿಕೋನ್ ಹಾಕಿ ಕೊಡುತ್ತಾರೆ. ನೀವು ಬರೆದಿಟ್ಟ ಚೀಟಿ ತೋರಿಸಿ. ಎಲ್ಲಿಂದ ಬರುತ್ತದೆ ಎಂದು ನೀರು ಬಿಟ್ಟು ತೋರಿಸಿದ ಮೇಲೆ ಮುಚ್ಚಿ ಎನ್ನಿ. ಹುಡುಕುವ ಸಮಯಕ್ಕೂ ಕೂಲಿ ಕೊಡುತ್ತೇನೆ ಎಂದು ಮೊದಲೇ ಹೇಳಿಬಿಡಿ. ತಾಳ್ಮೆಯಿಂದ ಹುಡುಕುವವರಿಗೆ ಆ ಕೂಲಿ ಸಲ್ಲಬೇಕು.

ಮಳೆಗಾಲ ಪೂರ್ತಿ ಕಾರಿಗೆ ಕವರ್ ಹಾಕಿಟ್ಟರೆ?

ಟಾರ್ಪಾಲು ಹಾಕಿ ಸುತ್ತಿದರೆ ಒಳಗಿನ ತೇವ ಹೊರಗೆ ಹೋಗದೆ ಬೂಷ್ಟು ಇನ್ನೂ ಜಾಸ್ತಿ. ಶೀಟಿನ ಚಪ್ಪರ ಒಳ್ಳೆಯದು, ಬದಿ ತೆರೆದಿರಲಿ.

ಮುಂದಿನ ವರ್ಷಕ್ಕೆ ಈಗಲೇ ಏನು ಮಾಡಿಡಬೇಕು?

ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಬರುವುದು ಮೇ 24ರ ಆಸುಪಾಸಿಗೆ. ಅಷ್ಟರೊಳಗೆ ಮಾಡಿನ ಹಂಚು ಸರಿಸುತ್ತೇವೆ, ತೋಟದ ಕಣಿ ಕೀಸುತ್ತೇವೆ. ಅದೇ ವಾರ ಕಾರಿಗೂ ಒಂದು ಗಂಟೆ ಇಡಿ. ವೈಪರ್ ಕೆಳಗಿನ ಜಾಲರಿ ಎತ್ತಿ ಎಲೆ ತೆಗೆಯಿರಿ. ನಾಲ್ಕು ಬಾಗಿಲಿನ ಅಡಿಗೂ ಹಿಡಿಸೂಡಿ ಕಡ್ಡಿ ಹಾಕಿ. ಬೀಡಿಂಗ್ ಒದ್ದೆ ಬಟ್ಟೆಯಲ್ಲಿ ಒರೆಸಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿ. ಕೊನೆಗೆ ಎರಡು ಚೆಂಬು ನೀರು ಹಾಕಿ, ಟಯರಿನ ಹಿಂದೆ ಬೀಳುವವರೆಗೆ ಬಗ್ಗಿ ನೋಡಿ. ಹುಣಸೆ ಮರದ ಅಡಿಯಲ್ಲಿ ನಿಲ್ಲಿಸುವವರಾದರೆ ಆಟಿಯ ನಡುವೆ ಇನ್ನೊಮ್ಮೆ ಜಾಲರಿ ಎತ್ತಬೇಕಾಗುತ್ತದೆ.